ಮಾತಿನ ಮರೆಯಲ್ಲಿ ಮರೆವು

ಹೋದ ತಿಂಗಳ ಸಂಚಿಕೆಯನ್ನು ಓದಿದ ವಾಚಕರೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅಲ್ಝೈಮರ್ ಎಂಬ ಮರೆವಿನ ರೋಗವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದಷ್ಟೆ. ಇದಕ್ಕೆ ಅವರ ದೀರ್ಘಾಯುಸ್ಸೊಂದೇ ಕಾರಣವೋ, ಅಥವಾ ಮಿದುಳಿನಲ್ಲಿಯೇ ಏನಾದರೂ ಭೇದವುಂಟೋ ಎಂಬುದು ಅವರ ಸಂದೇಹ. ನಾವು ವೈದ್ಯರಲ್ಲ. ಆದರೂ ಈ ವಿಷಯದಲ್ಲಿ ಪಂಡಿತರು ಕಂಡುಕೊಂಡಿರುವ ಕೆಲವು ಸಂಗತಿಗಳು ಗೃಹಸ್ಥರೆಲ್ಲರೂ ತಿಳಿದಿರತಕ್ಕವಾದ್ದರಿಂದ ಇಲ್ಲಿ ಬರೆಯುತ್ತೇವೆ.

ಈ ರೋಗಕ್ಕೆ ಮೊದಲ ಸಾಕ್ಷಿಯಾದವಳೇ ಒಬ್ಬ ಹೆಂಗಸು. 1901ನೆಯ ಇಸವಿಯ ನವೆಂಬರಿನಲ್ಲಿ ಜರ್ಮನಿ ದೇಶದ ಫ್ರಾಂಕ್‌ಫರ್ಟ್ ಪಟ್ಟಣದ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಅಲ್ಲಿದ್ದ ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ಆಕೆಯನ್ನು ಕೇಳಿದ ಪ್ರಶ್ನೆಗಳನ್ನೂ ಆಕೆಯ ಉತ್ತರಗಳನ್ನೂ ಬರೆದಿಟ್ಟರು. ಹೂಕೋಸನ್ನೂ ಮಾಂಸವನ್ನೂ ಉಣ್ಣುತ್ತಿರುವಾಗ ಏನನ್ನು ಉಣ್ಣುತ್ತಿರುವೆಯೆಂದರೆ ಆಕೆ ಪಾಲಕ್ ಸೊಪ್ಪೆಂದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗಿ, ಜೀವಕೋಶಗಳ ನಡುವೆ ಗಸಿಯಂತಹ ಗಂಟುಗಳೂ, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳೂ ಕಂಡುಬಂದವು. ಗಸಿಗೆ ಅಮಿಲಾಯ್ಡ್ ಎಂದೂ, ಸಿಕ್ಕಿನ ದ್ರವ್ಯಕ್ಕೆ ಟೌ ಎಂದೂ ಈಗಿನ ಹೆಸರು.

ಸಂಖ್ಯೆಯ ಮಾತು ನಿಜ. ಅಮೆರಿಕದಲ್ಲಿ ಈ ರೋಗಿಗಳ ಪೈಕಿ ಮೂರರಲ್ಲಿ ಎರಡು ಪಾಲು ಹೆಂಗಸರು. ನಮ್ಮ ದೇಶದಲ್ಲಿ 2023ರಲ್ಲಿ ಪ್ರಕಟವಾದ ಒಂದು ಗಣನೆಯಂತೆ, 60 ವರ್ಷ ದಾಟಿದ ಹೆಂಗಸರಲ್ಲಿ ನೂರಕ್ಕೆ ಸುಮಾರು 9 ಮಂದಿಗೂ, ಗಂಡಸರಲ್ಲಿ ಸುಮಾರು 6 ಮಂದಿಗೂ ಒಂದಲ್ಲ ಒಂದು ಬಗೆಯ ಬುದ್ಧಿಕ್ಷಯವುಂಟು. ಆಯುಸ್ಸು ಇದಕ್ಕೆ ದೊಡ್ಡ ಕಾರಣವೇ ಸರಿ. ಆದರೆ ಬಾಲ್ಯದ ವಿದ್ಯೆಯ ಕೊರತೆಯನ್ನೂ ಈ ರೋಗದ ಕಾರಣಗಳಲ್ಲಿ ಒಂದಾಗಿ ಪಂಡಿತರು ಎಣಿಸುತ್ತಾರೆಂಬುದನ್ನು ಮರೆಯಕೂಡದು. ಅಣ್ಣನನ್ನು ಪಾಠಶಾಲೆಗೆ ಕಳುಹಿಸಿ ತಂಗಿಯನ್ನು ತೊಟ್ಟಿಲು ತೂಗಲು ನಿಲ್ಲಿಸಿಕೊಂಡ ಮನೆಗಳೆಷ್ಟು! ಉಪಾಧ್ಯಾಯರಾಗಿದ್ದ ನಮಗೆ ಇದು ಮಿಕ್ಕ ಕಾರಣಗಳಿಗಿಂತ ಹೆಚ್ಚಾಗಿ ಮನಸ್ಸಿಗೆ ನಾಟುತ್ತದೆ.

ಇನ್ನು ಮಿದುಳಿನ ಭೇದ. ಗಸಿಯು ಸಮನಾಗಿದ್ದರೂ, ನೆನಪಿಗೆ ಹೆಬ್ಬಾಗಿಲಿನಂತಿರುವ ಭಾಗದಲ್ಲಿ ಟೌ ಸಿಕ್ಕುಗಳು ಹೆಂಗಸರಿಗೆ ಹೆಚ್ಚಾಗಿರುವುದನ್ನು ಈಚಿನ ಮಿದುಳಿನ ಚಿತ್ರಗಳು ತೋರಿಸಿವೆ. ರೋಗಕ್ಕೆ ಅನುಕೂಲವಾದ ಒಂದು ವಂಶಬೀಜವಿದ್ದರೆ 65ರಿಂದ 75ರೊಳಗಿನ ಪ್ರಾಯದಲ್ಲಿ ಅದು ಗಂಡಸರಿಗಿಂತ ಹೆಂಗಸರನ್ನು ಹೆಚ್ಚು ಬಾಧಿಸುತ್ತದೆಂದು 2017ರಲ್ಲಿ ತಿಳಿಯಿತು. ಮುಟ್ಟು ನಿಂತ ಮೇಲೆ ಸ್ತ್ರೀರಸವು ಕುಗ್ಗುವುದೂ ಒಂದು ಕಾರಣವಿರಬಹುದೆಂದು ಕೆಲವರ ಊಹೆ. ಹಾಗೆಂದು ಮುದುಕಿಯರಿಗೆ ಆ ರಸದ ಮಾತ್ರೆಗಳನ್ನು ಕೊಡಿಸಲು ಹೊರಡಬಾರದು. 65 ದಾಟಿದವರಿಗೆ ಎರಡು ರಸಗಳು ಕೂಡಿದ ಮಾತ್ರೆಗಳನ್ನು ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಬುದ್ಧಿಕ್ಷಯವು ಇಮ್ಮಡಿಯಾಯಿತೆಂದು 2003ರಲ್ಲಿ ಪ್ರಕಟವಾಗಿದೆ.

ಆದರೆ ಮನೆಯವರು ಮುಖ್ಯವಾಗಿ ಅರಿಯಬೇಕಾದುದು ಬೇರೊಂದು. ಸಂಸ್ಕೃತದಲ್ಲಿ ವಾಕ್, ಸ್ಮೃತಿ, ಮೇಧಾ ಎಂಬ ಮೂರು ಶಬ್ದಗಳೂ ಸ್ತ್ರೀಲಿಂಗ. ವ್ಯಾಕರಣದ ಲಿಂಗಕ್ಕೂ ಲೋಕಕ್ಕೂ ಸಂಬಂಧವಿಲ್ಲವೆಂದು ನಾವೇ ಹುಡುಗರಿಗೆ ಹೇಳಿಕೊಟ್ಟಿದ್ದೇವೆ. ಆದರೂ ಮಾತಿನ ನೆನಪಿನಲ್ಲಿ ಹೆಂಗಸರು ಸಾಮಾನ್ಯವಾಗಿ ಗಂಡಸರಿಗಿಂತ ಮುಂದೆಂಬುದು ಪರೀಕ್ಷೆಯಿಂದ ಸಿದ್ಧವಾಗಿದೆ. ವೈದ್ಯರು ಹದಿನೈದು ಶಬ್ದಗಳನ್ನು ಓದಿ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಒಪ್ಪಿಸೆನ್ನುತ್ತಾರೆ. ಮಿದುಳಿನಲ್ಲಿ ರೋಗವು ಆಗಲೇ ಬೇರೂರಿದ್ದರೂ, ಈ ಹೆಚ್ಚಿನ ಬಂಡವಾಳದಿಂದ ಹೆಂಗಸು ಪರೀಕ್ಷೆಯಲ್ಲಿ ತೇರ್ಗಡೆಯಾಗಿಬಿಡುತ್ತಾಳೆ. ಏನೂ ಇಲ್ಲ, ವಯಸ್ಸಿನ ಮರೆವು ಎಂದು ಮನೆಗೆ ಕಳುಹಿಸುತ್ತಾರೆ. ಬಂಡವಾಳ ತೀರಿದ ಮೇಲೆ ಇಳಿತವು ಬಹು ವೇಗ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಅಳತೆಗೋಲನ್ನಿಟ್ಟು ಅಮೆರಿಕದಲ್ಲಿ ಲೆಕ್ಕಹಾಕಿದಾಗ, ಆರೋಗ್ಯವಂತರೆಂದು ಎಣಿಸಿದ್ದ ಕೆಲವು ಹೆಂಗಸರು ರೋಗದ ಅಂಚಿನಲ್ಲಿರುವುದೂ, ರೋಗಿಗಳೆಂದಿದ್ದ ಕೆಲವು ಗಂಡಸರು ಸ್ವಸ್ಥರಾಗಿರುವುದೂ 2019ರಲ್ಲಿ ಹೊರಬಿತ್ತು. ಒಂದೇ ಪ್ರಶ್ನಪತ್ರಿಕೆಗೆ ಒಂದೇ ಅಂಕವೆಂಬ ನಮ್ಮ ಕಾಲದ ನ್ಯಾಯ ಇಲ್ಲಿ ಸಲ್ಲದು.

ಆದ್ದರಿಂದ ಅಜ್ಜಿಯು ಮೂರು ತಲೆಮಾರಿನ ನೆಂಟಸ್ತಿಕೆಯನ್ನು ತಡವರಿಸದೆ ಹೇಳುತ್ತಾಳೆಂದು ಸಮಾಧಾನಪಟ್ಟುಕೊಳ್ಳುವುದು ಸಾಲದು. ಆಕೆಯ ಕೈಗೆಲಸವನ್ನು ನೋಡಬೇಕು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿದೆಯೆ? ಹಾಲಿನವನ ಲೆಕ್ಕ ಹಿಂದಿನಂತೆ ಕೂಡಿ ಬರುತ್ತಿದೆಯೆ? ನಲವತ್ತು ವರ್ಷ ತಾನೇ ಹಾಕಿದ ಉಪ್ಪಿನಕಾಯಿಯ ಕ್ರಮದಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ದಿಕ್ಕುತೋಚದೆ ನಿಲ್ಲುತ್ತಾಳೆಯೆ? ಪಕ್ಕದ ಮನೆಯ ಮುದುಕಿಯೊಡನೆ ಹೋಲಿಸಬಾರದು. ಐದು ವರ್ಷದ ಹಿಂದಿನ ಆಕೆಯೊಡನೆಯೇ ಹೋಲಿಸಬೇಕು. ಮರೆತುದೆಲ್ಲಾ ಈ ರೋಗವೂ ಅಲ್ಲ. ಥೈರಾಯಿಡ್ ಗ್ರಂಥಿಯ ದೋಷ, ಬಿ ಹನ್ನೆರಡು ಜೀವಸತ್ತ್ವದ ಅಭಾವ, ಮನಸ್ಸಿನ ಖಿನ್ನತೆ, ಇವುಗಳಿಂದಲೂ ನೆನಪು ಮಂಕಾಗುತ್ತದೆ; ಇವಕ್ಕೆ ಚಿಕಿತ್ಸೆಯುಂಟು.

ವೈದ್ಯರಲ್ಲಿಗೆ ಹೋಗುವಾಗ ಮಗನು ತಾಯಿಯನ್ನು ಕರೆದುಕೊಂಡು ತಾನೊಬ್ಬನೇ ಹೋಗುವುದು ನಮ್ಮಲ್ಲಿ ವಾಡಿಕೆ. ಅಡಿಗೆಯ ಮನೆಯಲ್ಲಿ ದಿನವೆಲ್ಲಾ ಅತ್ತೆಯ ಜೊತೆಗಿರುವ ಸೊಸೆಯೂ ಹೋಗಲಿ. ಎರಡು ವಾರದಲ್ಲಿ ಕಂಡ ತಪ್ಪುಗಳನ್ನು ತಾರೀಖು ಸಹಿತ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ, ಶಬ್ದಗಳ ಪರೀಕ್ಷೆ ಮುಗಿದಮೇಲೆ ಅದನ್ನೂ ವೈದ್ಯರ ಕೈಗೆ ಕೊಡಲಿ.