ಕೊಳ್ಳುವ ವ್ಯಸನವೂ ಸಾಕೆಂಬ ಸ್ವರಾಜ್ಯವೂ

ಒಂದು ಶಬ್ದದ ಅರ್ಥವು ಬದಲಾಗುತ್ತ ಬಂದರೆ, ಅದನ್ನು ಆಡುವ ಜನರ ಮನಸ್ಸೂ ಬದಲಾಗುತ್ತ ಬಂದಿದೆಯೆಂದೇ ತಿಳಿಯಬೇಕು. 'ಉಳಿತಾಯ'ವೆಂಬ ಶಬ್ದವನ್ನೇ ನೋಡಿರಿ. ನಮ್ಮ ಹಿರಿಯರಿಗೆ ಉಳಿತಾಯವೆಂದರೆ ಖರ್ಚಾಗದೆ ಕೈಯಲ್ಲಿ ನಿಂತ ಹಣ. ಬರಗಾಲಕ್ಕೆ, ಬೇನೆಗೆ, ಬಾಣಂತಿತನಕ್ಕೆ, ಮಕ್ಕಳ ಓದಿಗೆಂದು ಕೂಡಿಟ್ಟ ಗಂಟು. ಇಂದಿನ ಅರ್ಥವೇ ಬೇರೆ. ಹತ್ತು ಸಾವಿರ ರೂಪಾಯಿ ಬೆಲೆ ಬರೆದ ಸಾಮಾನನ್ನು ಏಳು ಸಾವಿರಕ್ಕೆ ಕೊಂಡು ತಂದವನು, ತಾನು ಮೂರು ಸಾವಿರ ಉಳಿಸಿದೆನೆಂದು ಮನೆಮಂದಿಗೆಲ್ಲ ಹೇಳುವನು. ಹೋದ ಏಳು ಸಾವಿರದ ಮಾತನ್ನು ಅವನೂ ಎತ್ತುವದಿಲ್ಲ, ಮನೆಯವರೂ ಎತ್ತುವದಿಲ್ಲ.

2025ರ ಸಪ್ಟಂಬರ 22ರಿಂದ ದೇಶದಲ್ಲಿ ಸರಕು ಮತ್ತು ಸೇವಾ ತೆರಿಗೆಯ ದರಗಳು ಇಳಿದವು. ದೊಡ್ಡ ಟೀವಿ, ಹವಾನಿಯಂತ್ರಣದ ಯಂತ್ರ, ಸಣ್ಣ ಕಾರು ಮುಂತಾದವುಗಳ ಮೇಲೆ ನೂರಕ್ಕೆ 28ರಂತೆ ಇದ್ದ ತೆರಿಗೆಯು 18ಕ್ಕೆ ಬಂದಿತು. ಪ್ರಜೆಗಳ ಹೊರೆ ಇಳಿದರೆ ನಮಗೂ ಸಂತೋಷವೇ. ಆದರೆ ಆ ಸಂದರ್ಭಕ್ಕೆ ಇಟ್ಟ ಹೆಸರು 'ಬಚತ್ ಉತ್ಸವ', ಅಂದರೆ ಉಳಿತಾಯದ ಉತ್ಸವ! ನವರಾತ್ರಿಯ ಮೊದಲ ದಿನ ತೊಡಗಿದ ಈ ಉಳಿತಾಯದ ಉತ್ಸವದಲ್ಲಿ ಜನರು ಮಾಡಬೇಕಾದದ್ದೇನು? ಕೊಳ್ಳಬೇಕಾದದ್ದು. ಹಿಂದಿನ ಸಂಜೆಯ ಭಾಷಣದಲ್ಲಿ ಪ್ರಧಾನಮಂತ್ರಿಗಳು ಸ್ವದೇಶೀ ಸಾಮಾನನ್ನೇ ಕೊಳ್ಳಿರೆಂದು ದೇಶಕ್ಕೆ ಕೇಳಿಕೊಂಡರು. ಸ್ವದೇಶಿಯ ಹೆಸರು ಕಿವಿಗೆ ಬಿದ್ದರೆ ನಮ್ಮಂಥ ಪತ್ರಿಕೆಗೆ ಹಿಗ್ಗೇ ಹೊರತು ಬೇರೇನೂ ಇಲ್ಲ. ಆದರೂ ಒಂದು ಮಾತನ್ನು ನೆನಪಿಸಬೇಕಾಗಿದೆ. 1905ರಲ್ಲಿ ವಂಗಭಂಗದ ಕಾಲಕ್ಕೆ ಎದ್ದ ಸ್ವದೇಶಿಯು ಮೊದಲು ಬಿಡುವ ವ್ರತವಾಗಿತ್ತು, ಅನಂತರ ಕೊಳ್ಳುವ ವ್ರತ. ಹೊಳೆಯುವ ಪರದೇಶೀ ಅರಿವೆಯನ್ನು ಬಿಟ್ಟು ಒರಟು ಅರಿವೆಯನ್ನು ಉಟ್ಟವನು ಅಗ್ಗವೆಂದು ಅದನ್ನು ಉಡಲಿಲ್ಲ; ತನ್ನ ಆಶೆಯ ಮೇಲೆ ತನ್ನದೇ ಆಳಿಕೆ ಇರಲೆಂದು ಉಟ್ಟನು. ಬಿಡುವ ಅರ್ಧವನ್ನು ಮರೆತು ಕೊಳ್ಳುವ ಅರ್ಧವನ್ನಷ್ಟೇ ಇಟ್ಟುಕೊಂಡರೆ ಸ್ವದೇಶಿಯಲ್ಲಿ ಉಳಿಯುವದು ವ್ಯಾಪಾರವೊಂದೇ.

ಈ ಭೇದವು ಮನಸ್ಸಿಗೆ ಚೆನ್ನಾಗಿ ನಿಲ್ಲಬೇಕಾದರೆ, ವಾಚಕರು ನಮ್ಮೊಡನೆ 1924ರ ಡಿಸೆಂಬರ ತಿಂಗಳ ಕೊನೆಯ ದಿನಗಳಿಗೆ ಬರಬೇಕು. ಆ ತಿಂಗಳ 26 ಮತ್ತು 27ರಂದು ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನೆರೆದಿತ್ತು. ಗಾಂಧೀಜಿಯವರು ಅಧ್ಯಕ್ಷರಾದ ಅಧಿವೇಶನವು ಅದೊಂದೇ. ಅದೇ ಸಂದರ್ಭದಲ್ಲಿ, ಅದೇ ಊರಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಕೂಡಿತು; ಹುಯಿಲಗೋಳ ನಾರಾಯಣರಾಯರ ನಾಡಗೀತವು ಮೊಳಗಿತು. ಇದನ್ನೆಲ್ಲ ಕನ್ನಡಿಗರು ಅಭಿಮಾನದಿಂದ ನೆನೆಯುವದುಂಟು. 2024ರಲ್ಲಿ ಅದಕ್ಕೆ ನೂರು ವರ್ಷ ತುಂಬಿದಾಗಲೂ ನೆನೆದರು. ಆದರೆ ಆ ಅಧಿವೇಶನವು ಒಪ್ಪಿದ ಒಂದು ನಿಯಮವನ್ನು ನೆನೆದವರು ಕಡಿಮೆ. ಕಾಂಗ್ರೆಸಿನ ಸದಸ್ಯನಾಗಬೇಕಾದವನು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂಬದೇ ಆ ನಿಯಮ. ರೊಕ್ಕವನ್ನಲ್ಲ, ನೂಲನ್ನು! ದೇಶದ ಕೆಲಸಕ್ಕೆ ಬರುವವನು ಮೊದಲು ತನ್ನ ಅರಿವೆಯ ಅಗತ್ಯವನ್ನು ತನ್ನ ಕೈಯಿಂದ ಅಳೆದು ನೋಡಲಿ ಎಂಬದು ಅದರ ತಾತ್ಪರ್ಯವೆಂದು ನಾವು ತಿಳಿಯುವೆವು. ಒಂದು ಮೊಳ ಬಟ್ಟೆಯಲ್ಲಿ ಎಷ್ಟು ತಾಸಿನ ದುಡಿಮೆಯಿದೆಯೆಂಬದು ನೂತವನಿಗೆ ಗೊತ್ತು. ಗೊತ್ತಾದವನು ಅರಿವೆಯನ್ನು ಹಾಳುಮಾಡಲಾರನು. ನಿಯಮವು ಕಠಿಣವಾಯಿತು, ಮರುವರ್ಷವೇ ಸಡಿಲವಾಯಿತು. ಅದರ ಹಿಂದಿನ ವಿಚಾರವು ಮಾತ್ರ ಹಳೆಯದಾಗಿಲ್ಲ.

ಬೆಳಗಾವಿಯ ಅಧಿವೇಶನಕ್ಕೆ ಮೂರು ದಿನ ಮುಂಚೆ, ಡಿಸೆಂಬರ 23ರಂದು, ಸ್ವಿಟ್ಜರ್ಲಂಡಿನ ಜಿನೀವಾ ಪಟ್ಟಣದಲ್ಲಿ ಇನ್ನೊಂದು ಸಭೆಯು ಕೂಡಿತ್ತು. ಜಗತ್ತಿನ ದೊಡ್ಡ ದೊಡ್ಡ ವಿದ್ಯುದ್ದೀಪದ ಕಂಪನಿಗಳು ಅಲ್ಲಿ ಸೇರಿ 'ಫೀಬಸ್' ಎಂಬ ಹೆಸರಿನ ಒಂದು ಕೂಟವನ್ನು ಕಟ್ಟಿದವು. ಮಾರುಕಟ್ಟೆಗಳನ್ನು ಹಂಚಿಕೊಂಡದ್ದಲ್ಲದೆ, ಮನೆಯಲ್ಲಿ ಉರಿಯುವ ದೀಪದ ಆಯುಷ್ಯವು 1000 ತಾಸಿನದಾಗಿರಬೇಕೆಂದು ಅವು ನಿಶ್ಚಯಿಸಿದವು. ಅದಕ್ಕೂ ಮುಂಚೆ 1500 ತಾಸು, 2000 ತಾಸು ಉರಿಯುವ ದೀಪಗಳು ತಯಾರಾಗುತ್ತಿದ್ದವು! ತಯಾರಾದ ದೀಪಗಳ ಮಾದರಿಗಳನ್ನು ಪರೀಕ್ಷಿಸಿ, ಗೊತ್ತುಪಡಿಸಿದ ತಾಸುಗಳಿಗಿಂತ ಹೆಚ್ಚು ಬಾಳುವ ದೀಪವನ್ನು ಮಾಡಿದ ಕಾರಖಾನೆಗೆ ದಂಡ ವಿಧಿಸುವ ಏರ್ಪಾಡೂ ಇತ್ತು. ಹೆಚ್ಚು ಪ್ರಕಾಶ ಬೇಕಾದರೆ ದೀಪದ ಆಯುಷ್ಯವು ಕುಂದುವದು ಸಹಜವೆಂಬ ಸಮಾಧಾನವೂ ಉಂಟು. 1951ರಲ್ಲಿ ಬ್ರಿಟನ್ನಿನ ವಿಚಾರಣಾ ಆಯೋಗವು ಅದನ್ನು ತಕ್ಕಮಟ್ಟಿಗೆ ಒಪ್ಪಿತು. ಆದರೆ ಅದು ನಿಜವಾಗಿದ್ದರೂ, ಹೆಚ್ಚು ಬಾಳಿದ ದೀಪಕ್ಕೆ ದಂಡವೇಕೆ? ಎರಡನೆಯ ಮಹಾಯುದ್ಧದೊಡನೆ ಕೂಟವು ಮುರಿಯಿತು. ಅದು ಕಲಿಸಿದ ಪಾಠವು ಮುರಿಯಲಿಲ್ಲ.

ಒಂದೇ ವಾರದಲ್ಲಿ ಎರಡು ಸಭೆಗಳು. ಮನುಷ್ಯನು ತನ್ನ ಬೇಕುಗಳಿಗೆ ತಾನೇ ಮಿತಿ ಹಾಕಿಕೊಳ್ಳಲಿ ಎಂದು ಒಂದು ಕೇಳಿತು. ವಸ್ತುವಿನ ಬಾಳಿಕೆಗೆ ಮಿತಿ ಹಾಕಿದರೆ ಮನುಷ್ಯನ ಬೇಕುಗಳಿಗೆ ಮಿತಿ ಇರಲಾರದೆಂದು ಇನ್ನೊಂದು ಎಣಿಸಿತು. ನೂರು ವರ್ಷದ ಮೇಲೆ ನಮ್ಮ ಮನೆಗಳಲ್ಲಿ ಯಾವ ಸಭೆಯ ಠರಾವು ನಡೆಯುತ್ತಿದೆ? ಬೆಳಗಾವಿಯದೋ, ಜಿನೀವಾದ್ದೋ? ಅಜ್ಜನ ತಾಮ್ರದ ಹಂಡೆಗೆ ಕಲಾಯಿ ಹಾಕಿಸಿ ಮೂರು ತಲೆಮಾರು ಬಳಸಿದ ಮನೆಯಲ್ಲಿಯೇ, ಇಂದು ಕೆಟ್ಟ ಮಿಕ್ಸರನ್ನು ರಿಪೇರಿ ಮಾಡುವವನನ್ನು ಹುಡುಕುವದಕ್ಕಿಂತ ಹೊಸದನ್ನು ತರಿಸುವದು ಸುಲಭವಾಗಿದೆ. ಬಾಗಿಲ ಮುಂದೆ ಕೂತು ಕೊಡೆ, ಸ್ಟೋವು ದುರಸ್ತಿ ಮಾಡುತ್ತಿದ್ದವನು ಓಣಿಯಿಂದ ಕಾಣೆಯಾದದ್ದನ್ನು ನಾವು ಗಮನಿಸಲೂ ಇಲ್ಲ.

ಇನ್ನು ಕೊಳ್ಳುವ ಬಗೆಯನ್ನು ನೋಡೋಣ. ಹಿಂದೆ ಕೊಳ್ಳುವದಕ್ಕೆ ಒಂದಿಷ್ಟು ತಡೆ ಇತ್ತು. ಸಂತೆಯ ದಿನದ ವರೆಗೆ ಕಾಯಬೇಕಾಗಿತ್ತು. ಗಂಟು ಬಿಚ್ಚಿ ನೋಟು ಎಣಿಸಬೇಕಾಗಿತ್ತು. ಎಣಿಸುವಾಗ ಕೈ ತುಸು ತಡೆಯುತ್ತಿತ್ತು. ಆ ತಡೆಯಲ್ಲಿಯೇ ವಿವೇಕಕ್ಕೆ ಎಡೆಯಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ ಕಾಯಿಪಲ್ಯದ ಅಜ್ಜಿಗೂ ಮೊಬೈಲಿನಿಂದಲೇ ಹಣ ಸಲ್ಲುವ ಅನುಕೂಲವಾಯಿತು. ಇದು ದೇಶಕ್ಕೆ ಹೆಮ್ಮೆಯ ಸಂಗತಿ. ಆದರೆ ಎಣಿಸದೆ ಹೋಗುವ ಹಣವು ಲೆಕ್ಕಕ್ಕೂ ಬಾರದೆ ಹೋಗುವದು. ಅದೇ ಮೊಬೈಲು ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯ ಮೇಲೆಯೇ ಅಂಗಡಿ ತೆರೆದು ಕೂಡುವದು. 'ಕಂತಿನಲ್ಲಿ ಕೊಡಿರಿ, ಇಂದೇ ಒಯ್ಯಿರಿ' ಎನ್ನುವದು.

ಈ ಕಂತಿನ ಲೆಕ್ಕವನ್ನು ನಮ್ಮ ಶಿಕ್ಷಕ ಬಂಧುಗಳು ಒಮ್ಮೆ ವರ್ಗದ ಹಲಗೆಯ ಮೇಲೆ ಬರೆದು ತೋರಿಸಬೇಕು. 24,000 ರೂಪಾಯಿಯ ಒಂದು ಮೊಬೈಲನ್ನು ತಿಂಗಳಿಗೆ 2,250ರಂತೆ ಹನ್ನೆರಡು ಕಂತುಗಳಲ್ಲಿ ಕೊಂಡರೆ ಒಟ್ಟು 27,000 ಆಗುವದು. ಹೆಚ್ಚಾದದ್ದು 3,000, ಅಂದರೆ ನೂರಕ್ಕೆ ಹನ್ನೆರಡೂವರೆ ಬಡ್ಡಿ ಎಂದು ಮೇಲ್ನೋಟಕ್ಕೆ ತೋರುವದು. ಆದರೆ 24,000 ರೂಪಾಯಿ ವರ್ಷವಿಡೀ ನಮ್ಮ ಕೈಯಲ್ಲಿ ಇರಲಿಲ್ಲವಷ್ಟೆ? ತಿಂಗಳು ತಿಂಗಳು ಅಸಲು ತೀರುತ್ತ ಬಂದಿತು. ಅದನ್ನು ಹಿಡಿದು ಲೆಕ್ಕ ಹಾಕಿದರೆ ನಿಜವಾದ ಬಡ್ಡಿಯು ವರ್ಷಕ್ಕೆ ನೂರಕ್ಕೆ 22ನ್ನು ಮೀರುವದು. ಮನೆಯ ಅಡವಿನ ಸಾಲಕ್ಕೆ ಇಷ್ಟು ಬಡ್ಡಿ ಕೇಳಿದರೆ ನಾವು ಜಗಳಕ್ಕೆ ನಿಲ್ಲುವೆವು. ಮೊಬೈಲಿಗೆ ನಗುತ್ತ ಕೊಡುವೆವು.

ಇದು ಒಬ್ಬಿಬ್ಬರ ಮಾತಲ್ಲ. 2022-23ರಲ್ಲಿ ದೇಶದ ಕುಟುಂಬಗಳ ನಿವ್ವಳ ಹಣಕಾಸಿನ ಉಳಿತಾಯವು ಒಟ್ಟು ದೇಶೀಯ ಉತ್ಪನ್ನದ ನೂರಕ್ಕೆ 5ರ ಆಸುಪಾಸಿಗೆ ಇಳಿಯಿತು. ಅಷ್ಟು ಕೆಳಗಿನ ಮಟ್ಟವನ್ನು ದೇಶವು ಹಲವು ದಶಕಗಳಿಂದ ಕಂಡಿರಲಿಲ್ಲ. ಆ ಇಳಿತದಲ್ಲಿ ಮನೆ ಕಟ್ಟಿದವರ ಸಾಲವೂ ಸೇರಿದೆ, ಎಲ್ಲವೂ ಷೋಕಿಯಲ್ಲ. ಆದರೂ ಅಡವಿಲ್ಲದ ವೈಯಕ್ತಿಕ ಸಾಲಗಳು ಬೆಳೆದ ವೇಗವನ್ನು ಕಂಡು, ಅಂಥ ಸಾಲಕ್ಕೆ ಬ್ಯಾಂಕುಗಳು ಹೆಚ್ಚು ಬಂಡವಾಳವನ್ನು ಕಾದಿರಿಸಬೇಕೆಂದು ರಿಜರ್ವ್ ಬ್ಯಾಂಕು 2023ರ ನವಂಬರದಲ್ಲಿ ವಿಧಿಸಬೇಕಾಯಿತು. ನಮ್ಮ ರಾಜ್ಯದಲ್ಲಿಯಂತೂ ಸಣ್ಣ ಸಾಲಗಳ ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಸಾಲಗಾರರಲ್ಲಿ ಹೆಚ್ಚಿನವರು ಬಡವರು. ಅವರಿಗೆ 'ಸಾಕೆನ್ನಿರಿ' ಎಂದು ಉಪದೇಶಿಸುವದು ಹೊಟ್ಟೆ ತುಂಬಿದವನ ಉದ್ಧಟತನ. ಸಾಕೆಂಬ ಮಾತನ್ನು ಆಡಬೇಕಾದವರು ತಿಂಗಳ ಸಂಬಳವುಳ್ಳ ನಮ್ಮಂಥವರು. ನೆರೆಮನೆಯಲ್ಲಿ ದೊಡ್ಡ ಟೀವಿ ಬಂದಿತೆಂದು ನಮ್ಮ ಮನೆಗೆ ತರುವವರು ನಾವು. ನಮ್ಮನ್ನು ನೋಡಿ ಸಾಲ ಮಾಡಿ ತರುವವರು ನಮಗಿಂತ ಕೈ ಸಾಗದವರು.

"ಎಲ್ಲರೂ ಕೊಳ್ಳುವದನ್ನು ಬಿಟ್ಟರೆ ನೇಕಾರನು ಉಣ್ಣುವದೇನನ್ನು?" ಎಂದು ಕೆಲವರು ಕೇಳುವರು. ಪ್ರಶ್ನೆಯು ಯೋಗ್ಯವಾದದ್ದೇ. ಆದರೆ ಅಗ್ಗದ ಹತ್ತು ಸಾಮಾನುಗಳ ಹಾವಳಿಯಲ್ಲಿ ನಮ್ಮ ನೇಕಾರನು ಉಂಡಿರುವನೇ? ಹುಬ್ಬಳ್ಳಿಯ ಬೆಂಗೇರಿಯ ಉದಾಹರಣೆಯನ್ನು ತೆಗೆದುಕೊಳ್ಳಿರಿ. ಕರ್ನಾಟಕವು ಒಂದಾದ ಮರುವರ್ಷ, 1957ರಲ್ಲಿ, ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ರಾಷ್ಟ್ರಧ್ವಜವನ್ನು ತಯಾರಿಸುತ್ತ ಬಂದಿದೆ. ನೂಲುವ, ನೇಯುವ, ಹೊಲಿಯುವ ಕೈಗಳಲ್ಲಿ ಬಹಳಷ್ಟು ನಮ್ಮ ಹೆಣ್ಣುಮಕ್ಕಳವು. 2021ರ ಡಿಸೆಂಬರ 30ರಂದು ಧ್ವಜಸಂಹಿತೆಯು ತಿದ್ದುಪಡಿಯಾಗಿ ಪಾಲಿಯೆಸ್ಟರಿನ, ಯಂತ್ರದಲ್ಲಿ ಮಾಡಿದ ಧ್ವಜಗಳಿಗೂ ಅನುಮತಿ ದೊರೆಯಿತು. ಸಂಘವು ಅದನ್ನು ವಿರೋಧಿಸಿತು. ಮನೆ ಮನೆಯಲ್ಲಿ ಧ್ವಜ ಹಾರಬೇಕೆಂಬದು ಒಳ್ಳೆಯ ಆಶೆ. ಆದರೆ ಅಗ್ಗದ ಧ್ವಜವನ್ನು ವರ್ಷಕ್ಕೊಂದರಂತೆ ಕೊಂಡು ಬಿಸಾಡುವದು ಮೇಲೋ, ಒಂದು ಖಾದೀ ಧ್ವಜವನ್ನು ಕೊಂಡು ಮಡಿಚಿಟ್ಟು ವರ್ಷ ವರ್ಷವೂ ಹಾರಿಸುವದು ಮೇಲೋ? ಕಡಿಮೆ ಕೊಳ್ಳುವವನೇ ಒಳ್ಳೆಯದನ್ನು ಕೊಳ್ಳಬಲ್ಲನು. ಒಳ್ಳೆಯದಕ್ಕೆ ತಕ್ಕ ಬೆಲೆ ಕೊಡುವವನಿಂದಲೇ ಕೈಕಸುಬಿನವನು ಉಣ್ಣಬಲ್ಲನು. ವರ್ಷಕ್ಕೆ ಆರು ಬಣ್ಣಗೇಡಿ ಸೀರೆಗಳ ಬದಲು ಒಂದು ಇಳಕಲ್ಲ ಸೀರೆಯನ್ನು ತಂದ ಮನೆಗೂ ನಷ್ಟವಿಲ್ಲ, ನೇಕಾರನಿಗೂ ನಷ್ಟವಿಲ್ಲ.

ಸಂತೃಪ್ತಿಯೆಂದರೆ ಜಿಪುಣತನವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಇದನ್ನು ನಾವು ಪರದೇಶದ ತತ್ತ್ವಜ್ಞಾನಿಗಳಿಂದ ಕಲಿಯಬೇಕಾಗಿಲ್ಲ. ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕಥೆಯು ಪ್ರತಿಯೊಬ್ಬ ಕನ್ನಡಿಗನಿಗೂ ತಿಳಿದದ್ದೇ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಅವನು ಒಂದು ದಿನ ಎಂದಿಗಿಂತ ಹೆಚ್ಚು ತಂದನಂತೆ. ಹೆಂಡತಿ ಲಕ್ಕಮ್ಮನು ಹೆಚ್ಚಾದದ್ದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳಂತೆ. ಆ ಮನೆಯಲ್ಲಿ ದುಡಿಮೆಗೂ ಕೊರತೆಯಿರಲಿಲ್ಲ, ಕೊಡುವದಕ್ಕೂ ಕೊರತೆಯಿರಲಿಲ್ಲ; ಕೊರತೆಯಿದ್ದದ್ದು 'ಇನ್ನೂ ಬೇಕು' ಎಂಬದಕ್ಕೆ ಮಾತ್ರ. ಬಂದದ್ದನ್ನು ಮರಳಿಸುವ ಧೈರ್ಯವು ಬಡತನದಿಂದ ಬರತಕ್ಕದ್ದಲ್ಲ. ತನಗೆಷ್ಟು ಬೇಕೆಂಬದನ್ನು ಬಲ್ಲವಳಿಗೆ ಮಾತ್ರ ಅದು ಬರುವದು.

1956ರ ನವಂಬರ 1ರಂದು, ಮೈಸೂರು, ಮುಂಬಯಿ, ಹೈದರಾಬಾದ, ಮದ್ರಾಸು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ನಾಡು ಒಂದು ಗಡಿಯೊಳಗೆ ಬಂದಿತು. ಗಡಿಯಿಲ್ಲದ ನಾಡಿಗೆ ಆಡಳಿತವಿಲ್ಲವೆಂದು ನಮ್ಮ ಹಿರಿಯರು ಬಲ್ಲರು. ಅದಕ್ಕಾಗಿಯೇ ಒಂದು ತಲೆಮಾರಿಗಿಂತಲೂ ಹೆಚ್ಚು ಕಾಲ ಹೋರಾಡಿದರು. ಅದೇ ನ್ಯಾಯವು ಮನೆಗೂ ಸಲ್ಲುವದು. ಬೇಕುಗಳಿಗೆ ಗಡಿಯಿಲ್ಲದ ಮನೆಯನ್ನು ಆಳುವವರು ಮನೆಯ ಯಜಮಾನ ಯಜಮಾನಿಯರಲ್ಲ. ಯಾರೋ ದೂರದ ಜಾಹೀರಾತುಗಾರರು.

ಆದ್ದರಿಂದ ನಮ್ಮ ವಿಜ್ಞಾಪನೆಯು ಸಣ್ಣದು. ಮುಂದಿನ ಹಬ್ಬಕ್ಕೆ ಮುಂಚೆ ಗಂಡ, ಹೆಂಡತಿ, ಮಕ್ಕಳು ಒಂದು ಸಂಜೆ ಕೂತು, ಮನೆಗೆ ನಿಜವಾಗಿ ಬೇಕಾದ ಸಾಮಾನುಗಳನ್ನು ಒಂದು ಹಾಳೆಯಲ್ಲಿ ಬರೆಯಲಿ. ಮುರಿದದ್ದನ್ನು ಮೊದಲು ದುರಸ್ತಿಗೆ ಒಯ್ಯಲಿ. ಹಾಳೆಯಲ್ಲಿ ಇಲ್ಲದ್ದು ಎಷ್ಟೇ ಅಗ್ಗವಾಗಿ ಬಂದರೂ ತಿಂಗಳು ತಡೆದು ನೋಡಲಿ. ತಿಂಗಳ ಮೇಲೂ ಬೇಕೆನಿಸಿದರೆ ಕೈಯ ಹಣ ಕೊಟ್ಟು ತರಲಿ, ಕಂತಿನ ಸಾಲದಿಂದ ಬೇಡ. ಇದಕ್ಕೆ ಯಾವ ಕಾಯದೆಯೂ ಬೇಕಾಗಿಲ್ಲ, ಯಾವ ಚಳವಳಿಯೂ ಬೇಕಾಗಿಲ್ಲ. ತಿಂಗಳಿಗೆ 2000 ಗಜ ನೂಲನ್ನು ನೂಲಿರೆಂದು ನಾವು ಇಂದು ಕೇಳುತ್ತಿಲ್ಲ. ಬೆಳಗಾವಿಯಲ್ಲಿ ನೂತವರು ಕೈಯಿಂದ ಮಾಡಿದ ಲೆಕ್ಕವನ್ನು ಕನ್ನಡಿಗನು ಒಂದು ಹಾಳೆಯ ಮೇಲಾದರೂ ಮಾಡಬಾರದೇ?