ಆಸನಾಭ್ಯಾಸವೂ ಆಸನಪ್ರದರ್ಶನವೂ

ಜೂನ್ ತಿಂಗಳ 21ನೆಯ ತಾರೀಖನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ಗೊತ್ತುಮಾಡಿದಂದಿನಿಂದ, ಆ ದಿನ ಬೆಳಗಿನ ಹೊತ್ತು ನಮ್ಮ ಊರುಗಳ ಮೈದಾನಗಳು ತುಂಬಿರುವುದನ್ನು ವಾಚಕರೆಲ್ಲರೂ ಕಂಡಿರುವರು. ಭಾರತದ ಪುರಾತನ ವಿದ್ಯೆಯೊಂದು ಲೋಕದ ಮನ್ನಣೆಯನ್ನು ಪಡೆದುದಕ್ಕೆ ಹೆಮ್ಮೆಪಡದ ಭಾರತೀಯನಾರು? 2015ರಲ್ಲಿ ದೆಹಲಿಯ ರಾಜಪಥದಲ್ಲಿ 35,985 ಮಂದಿ ಏಕಕಾಲದಲ್ಲಿ ಆಸನಗಳನ್ನು ಹಾಕಿದರೆಂಬ ವಾರ್ತೆಯನ್ನೂ, 2022ರಲ್ಲಿ ಮೈಸೂರು ಅರಮನೆಯ ಅಂಗಳದಲ್ಲಿ ಪ್ರಧಾನಮಂತ್ರಿಗಳ ಸಮ್ಮುಖದಲ್ಲಿ ನಡೆದ ಸಮಾರಂಭದ ವಾರ್ತೆಯನ್ನೂ ನಾವು ಸಂತೋಷದಿಂದಲೇ ಓದಿದೆವು. ಆದರೆ ಮಾರನೆಯ ದಿನ, ಅಂದರೆ 22ನೆಯ ತಾರೀಖು, ಕಚೇರಿಗಳಲ್ಲಿ ಸೊಂಟ ಹಿಡಿದುಕೊಂಡು ಕುಳಿತಿರುವ ಗುಮಾಸ್ತರ ಸಂಗತಿಯನ್ನು ಯಾರೂ ಬರೆಯುವುದಿಲ್ಲ. ಆದುದರಿಂದ ಈ ದಿನ ನಾವೇ ಅದನ್ನು ಬರೆಯಬೇಕಾಗಿದೆ.

ವರ್ಷದ ಉಳಿದ ದಿನಗಳೆಲ್ಲ ಕುರ್ಚಿಯಲ್ಲಿ ಕುಳಿತ ಐವತ್ತರ ಗೃಹಸ್ಥನೊಬ್ಬನನ್ನು ಸುತ್ತೋಲೆಯ ಬಲದಿಂದ ಮುಂಜಾನೆ ಆರು ಗಂಟೆಗೆ ಬರಮಾಡಿ, ಧ್ವನಿವರ್ಧಕದ ಎಣಿಕೆಗೆ ಸರಿಯಾಗಿ ಬಗ್ಗೆಂದರೆ ಆತನು ಮಾಡುವುದೇನು? ಪಕ್ಕದವನು ಆಗಲೇ ನೆಲ ಮುಟ್ಟಿದನಲ್ಲಾ, ಮೇಲಧಿಕಾರಿಗಳು ನೋಡುತ್ತಿರುವರಲ್ಲಾ, ಛಾಯಾಚಿತ್ರ ತೆಗೆಯುತ್ತಿರುವರಲ್ಲಾ ಎಂಬ ಯೋಚನೆಗಳ ನಡುವೆ, ಬೆನ್ನು ಹೇಳುವ ಮಾತು ಆತನ ಕಿವಿಗೆ ಬೀಳುವುದಿಲ್ಲ. ಹೇಗಾದರೂ ಬಗ್ಗುತ್ತಾನೆ. ಮನೆಗೆ ಹೋದ ಮೇಲೆ ಬೆನ್ನು ಅದೇ ಮಾತನ್ನು ಗಟ್ಟಿಯಾಗಿ ಹೇಳುತ್ತದೆ.

ಇದನ್ನು ಯೋಗಶಾಸ್ತ್ರದ ದೋಷವೆಂದು ಯಾರೂ ಎಣಿಸಕೂಡದು. ಪತಂಜಲಿಯ ಸುಮಾರು ಇನ್ನೂರು ಸೂತ್ರಗಳಲ್ಲಿ ಆಸನಕ್ಕೆ ಮೀಸಲಾದುವು ಮೂರೇ. ಆಸನವು ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂಬುದೇ ಅವುಗಳಲ್ಲಿ ಮೊದಲನೆಯದರ ಅಭಿಪ್ರಾಯ. ಹಠಯೋಗಪ್ರದೀಪಿಕೆಯನ್ನು ಬರೆದ ಸ್ವಾತ್ಮಾರಾಮನು ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನು ಹೇಳುವಾಗ, ಅತಿಯಾದ ಊಟದ ಬೆನ್ನಲ್ಲೇ ಅತಿಯಾದ ಪ್ರಯಾಸವನ್ನೂ ಸೇರಿಸಿದ್ದಾನೆ. ಸಿಂಹವನ್ನೂ ಆನೆಯನ್ನೂ ಹುಲಿಯನ್ನೂ ಪಳಗಿಸುವಂತೆ ಪ್ರಾಣವಾಯುವನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುವುದೆಂದು ಎಚ್ಚರಿಸಿದವನೂ ಆತನೇ. ಸುಖವೆಂಬುದನ್ನು ಅಳೆಯಬಲ್ಲವನು ಆಸನದಲ್ಲಿ ಕುಳಿತವನೊಬ್ಬನೇ. ನೋಡುವವನಿಗೆ ಆ ಅಳತೆ ಸಿಕ್ಕುವುದಿಲ್ಲ.

ಹಾಗಾದರೆ ಈ ಪ್ರದರ್ಶನದ ಚಾಳಿ ಎಲ್ಲಿಂದ ಬಂದಿತು? ಅದರಲ್ಲಿ ನಮ್ಮ ಮೈಸೂರಿನ ಪಾಲೂ ಉಂಟೆಂದು ಒಪ್ಪಿಕೊಳ್ಳಬೇಕು. ಚಿತ್ರದುರ್ಗ ಸೀಮೆಯ ಮುಚುಕುಂದಪುರದವರಾದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ಕನ್ನಡದಲ್ಲಿಯೇ ‘ಯೋಗ ಮಕರಂದ’ವನ್ನು ಪ್ರಕಟಿಸಿದರು. ಅಲ್ಲಿನ ಶಿಷ್ಯರು ಎಳೆಯ ಹುಡುಗರು. ಜನರು ಮರೆತಿದ್ದ ವಿದ್ಯೆಯ ಕಡೆಗೆ ಅವರ ಕಣ್ಣನ್ನು ತಿರುಗಿಸಬೇಕಾಗಿದ್ದುದರಿಂದ, ಆ ಹುಡುಗರಿಂದ ಸಭೆಗಳಲ್ಲಿ ಕಠಿನವಾದ ಆಸನಗಳನ್ನು ಮಾಡಿಸಿ ತೋರಿಸುತ್ತಿದ್ದರು. ಕಾಲಕ್ಕೆ ತಕ್ಕ ಉಪಾಯವೆನ್ನೋಣ. ಆದರೆ ಅದೇ ಕೃಷ್ಣಮಾಚಾರ್ಯರು ಮುಂದೆ ಮದರಾಸಿನಲ್ಲಿ ನೆಲೆಸಿದಾಗ, ತಮ್ಮ ಬಳಿಗೆ ಬಂದ ರೋಗಿಗಳಿಗೂ ವೃದ್ಧರಿಗೂ ಗೃಹಿಣಿಯರಿಗೂ ಅವರವರ ವಯಸ್ಸು, ದೇಹಸ್ಥಿತಿ, ಉಸಿರುಗಳನ್ನು ನೋಡಿ ಬೇರೆಬೇರೆಯಾಗಿ ಅಭ್ಯಾಸವನ್ನು ಹೇಳಿಕೊಟ್ಟರು. ಮೈಸೂರಿನ ಪ್ರದರ್ಶನವನ್ನು ನಾವು ನೆನಪಿಟ್ಟುಕೊಂಡೆವು; ಮದರಾಸಿನ ವಿವೇಕವನ್ನು ಬಿಟ್ಟೆವು.

ಕೋಲಾರ ಸೀಮೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರ ಚರಿತ್ರೆ ಇನ್ನೂ ಸ್ಪಷ್ಟವಾದುದು. ಮಲೇರಿಯಾ, ವಿಷಮಶೀತ, ಕ್ಷಯಗಳಿಂದ ಬಡವಾದ ಈ ಹುಡುಗನು ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ 1934ರಲ್ಲಿ ಬಂದನು. ಸಭೆಯೊಂದರಲ್ಲಿ ಸಿದ್ಧತೆಯಿಲ್ಲದೆ ಹನುಮಾನಾಸನವನ್ನು ಹಾಕಬೇಕಾಗಿ ಬಂದು ತೊಡೆಯ ಹಿಂಭಾಗದ ಸ್ನಾಯುಗಳು ಹರಿದವೆಂದೂ, ಬಹುಕಾಲ ನಡೆಯುವುದೇ ಕಷ್ಟವಾಯಿತೆಂದೂ ಅವರೇ ಮುಂದೆ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋದ ಮೇಲೆ ಮಾರ್ಗದರ್ಶನಕ್ಕೆ ಗುರುಗಳು ಹತ್ತಿರವಿಲ್ಲದೆ, ತಮ್ಮ ಮೈಯ ನೋವನ್ನೇ ಕೇಳಿ ಕೇಳಿ ಕಲಿತರು. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಮಡಿಸಿದ ಕಂಬಳಿ, ಸಾಮಾನ್ಯವಾದ ಮಡಿಸುವ ಕುರ್ಚಿ, ಇವು ಯೋಗಸಾಧನೆಯ ಉಪಕರಣಗಳಾದುದು ಹೀಗೆ. ಸರ್ವಾಂಗಾಸನದಲ್ಲಿ ಭುಜದ ಕೆಳಗೆ ಕಂಬಳಿಯಿಟ್ಟರೆ ಕತ್ತಿನ ಮೇಲಿನ ಭಾರ ಇಳಿಯುವುದೆಂಬುದು ಸಣ್ಣ ಮಾತಲ್ಲ. ಕಂಬಳಿಯಿಟ್ಟುಕೊಳ್ಳುವುದನ್ನು ಅವಮಾನವೆಂದು ತಿಳಿಯುವವರು ಈಗಲೂ ಇದ್ದಾರೆ.

ಪದ್ಮಾಸನವನ್ನು ತೆಗೆದುಕೊಳ್ಳಿ. ಅದು ಎಲ್ಲರಿಗೂ ಸುಲಭವೆಂದು ಎಣಿಕೆ. ಕಾಲನ್ನು ಮಡಿಸಿ ತೊಡೆಯ ಮೇಲಿಡುವಾಗ ತಿರುಗಬೇಕಾದುದು ಸೊಂಟದ ಕೆಳಗಿನ ತೊಡೆಗೀಲು. ಕುರ್ಚಿಯಲ್ಲಿ ಕುಳಿತು ಕುಳಿತು ಆ ಕೀಲು ಬಿಗಿದಿರುವವನು ಪಾದವನ್ನು ಕೈಯಿಂದ ಎಳೆದು ಏರಿಸಿದರೆ, ಆ ತಿರುವೆಲ್ಲವೂ ಮೊಣಕಾಲಿನ ಮೇಲೆ ಬೀಳುತ್ತದೆ. ಮೊಣಕಾಲು ಬಾಗಿಲಿನ ತಿರುಗಣಿಯಂತೆ ಮಡಿಸಲು ತೆರೆಯಲು ಇರುವುದು. ಹಾಗೆ ತಿರುಚಿದರೆ ಒಳಗಿನ ಮೃದ್ವಸ್ಥಿ ಹರಿಯುತ್ತದೆ. ನಮ್ಮ ಎಡಮೊಣಕಾಲೇ ಇದಕ್ಕೆ ಸಾಕ್ಷಿ. ಶಿಕ್ಷಕರೊಬ್ಬರು ಸದುದ್ದೇಶದಿಂದಲೇ ನಮ್ಮ ತೊಡೆಯನ್ನು ಕೆಳಕ್ಕೆ ಒತ್ತಿದರು. ನಾವೂ ಸಂಕೋಚದಿಂದ ಬಾಯಿಬಿಡಲಿಲ್ಲ. ಆ ಸಂಕೋಚದ ಫಲವಾಗಿ ಎರಡು ತಿಂಗಳು ಮುದ್ರಣಾಲಯದ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದೆವು.

ಮೈಯ ಮಾತನ್ನು ತಿಳಿಯುವುದು ಅಷ್ಟೇನೂ ಗಹನವಲ್ಲ. ಹಿತವಾದ ಎಳೆತವು ಮಾಂಸಖಂಡದ ನಡುವೆ ಹರಡಿ, ಉಸಿರು ಬಿಟ್ಟಾಗ ಸಡಿಲವಾಗುತ್ತದೆ. ಕೀಲಿನಲ್ಲಿ ಒಂದೇ ಕಡೆ ಚುಚ್ಚುವ ನೋವು, ಕಾಲಿಗಿಳಿಯುವ ಸೆಳೆತ, ಜೋಮು, ತಲೆಸುತ್ತು ಇವು ಕಂಡರೆ ಆಗಲೇ ಹಿಂದಕ್ಕೆ ಬರಬೇಕು. ಉಸಿರು ತನಗೆ ತಾನೇ ಕಟ್ಟಿದರೆ, ಶಕ್ತಿಯನ್ನು ಮೀರಿದೆವೆಂದು ತಿಳಿಯಬೇಕು. ಮೈ ಹೇಳದೆ ಅಡಗಿಸಿಡುವ ಸಂಗತಿಗಳೂ ಉಂಟು: ಶೀರ್ಷಾಸನದಲ್ಲಿ ಕಣ್ಣೊಳಗಿನ ಒತ್ತಡವು ಸುಮಾರು ಇಮ್ಮಡಿಯಾಗುವುದನ್ನು ನೇತ್ರವೈದ್ಯರು ಅಳೆದು ಕಂಡಿದ್ದಾರೆ, ಗ್ಲಾಕೋಮಾ ಇರುವವನಿಗೆ ಅದರಿಂದ ನೋವಾಗದಿರಬಹುದು, ಕೇಡಾಗಬಹುದು. ಇಂತಹುದಕ್ಕೆ ವೈದ್ಯರನ್ನು ಕೇಳಿಯೇ ತೀರಬೇಕು.

ಯೋಗಾಸನವನ್ನು ಸ್ಪರ್ಧಾಕ್ರೀಡೆಯೆಂದು ಕೇಂದ್ರ ಸರ್ಕಾರದವರು 2020ರ ಡಿಸೆಂಬರಿನಲ್ಲಿ ಅಂಗೀಕರಿಸಿದ್ದಾರೆ. ಬಳ್ಳಿಯಂತೆ ಬಳುಕುವ ಮಕ್ಕಳು ಪದಕ ಗೆಲ್ಲುವುದಾದರೆ ಗೆಲ್ಲಲಿ. ಆ ಅಳತೆಗೋಲು ತರಗತಿಯ ಎಲ್ಲ ಮಕ್ಕಳ ಮೇಲೂ ಬೀಳದಂತೆ ಉಪಾಧ್ಯಾಯರು ನೋಡಿಕೊಳ್ಳಬೇಕು.

ಸರ್ಕಾರದವರನ್ನು ನಾವು ಹೊಸದೇನನ್ನೂ ಬೇಡುತ್ತಿಲ್ಲ. ಯೋಗ ದಿನಕ್ಕೆಂದು ಆಯುಷ್ ಮಂತ್ರಾಲಯವು ಹೊರಡಿಸಿದ 45 ನಿಮಿಷಗಳ ಕ್ರಮದ ಪುಸ್ತಿಕೆಯಲ್ಲಿಯೇ, ಅಭ್ಯಾಸವನ್ನು ನಿಧಾನವಾಗಿ, ಉಸಿರಿನ ಮೇಲೂ ದೇಹದ ಮೇಲೂ ಗಮನವಿಟ್ಟು, ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಮಾಡತಕ್ಕದ್ದೆಂದು ಬರೆದಿದೆ. ಇಂತಿಂತಹ ರೋಗಿಗಳು ಇಂತಿಂತಹ ಆಸನವನ್ನು ಬಿಡತಕ್ಕದ್ದೆಂಬ ಸೂಚನೆಗಳೂ ಅದರಲ್ಲಿವೆ. ಮೈದಾನದಲ್ಲಿ ಅದನ್ನು ಓದಿ ಹೇಳುವವರಿಲ್ಲ. ಮುಂದಿನ ಜೂನಿನ ಸುತ್ತೋಲೆಗೆ ಜಿಲ್ಲಾಧಿಕಾರಿಗಳು ಆ ಪುಟಗಳನ್ನು ಲಗತ್ತಿಸಿ ಕಳುಹಿಸಲಿ. ಹಾಜರಿ ಪುಸ್ತಕವನ್ನು ಕಚೇರಿಯಲ್ಲಿಯೇ ಬಿಟ್ಟುಬರಲಿ. ಪ್ರತಿ ಸಾಲಿನ ಕೊನೆಗೂ ನಾಲ್ಕು ಕುರ್ಚಿಗಳನ್ನು ಹಾಕಿಸಿ, ಬೇಕಾದವರು ಅದರ ಮೇಲೆ ಕುಳಿತು ಅಭ್ಯಾಸ ಮಾಡಬಹುದೆಂದು ಧ್ವನಿವರ್ಧಕದಲ್ಲಿಯೇ ಹೇಳಿಸಲಿ. ಮೊದಲನೆಯ ಕುರ್ಚಿಯಲ್ಲಿ ಕೂರಲು ನಾವು ಸಿದ್ಧರಿದ್ದೇವೆ.