ಕಾಮಗಾರಿ ಮುಗಿದ ಮೇಲೂ ಉಳಿಯುವ ವ್ಯಾಪಾರ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳಲ್ಲಿ ಕಳೆದ ಎರಡು ದಶಕಗಳಲ್ಲಿ ನಡೆದಿರುವ ಸಾರ್ವಜನಿಕ ನಿರ್ಮಾಣ ಕಾರ್ಯಗಳ ಪ್ರಮಾಣ ಸಾಮಾನ್ಯವಾದುದಲ್ಲ. 2013ರಲ್ಲಿ ಕಡೂರು-ಚಿಕ್ಕಮಗಳೂರು ರೈಲು ಮಾರ್ಗ ಸಂಚಾರಕ್ಕೆ ತೆರೆಯಿತು. ಹಿಂದೆ 206 ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದ ತುಮಕೂರು-ಶಿವಮೊಗ್ಗ ರಾಷ್ಟ್ರೀಯ ಹೆದ್ದಾರಿಯ ಚತುಷ್ಪಥ ಕಾಮಗಾರಿ ಕಡೂರು, ತರೀಕೆರೆಗಳ ಮಾರ್ಗವಾಗಿ ಸಾಗಿತು. ಇವೆರಡಕ್ಕಿಂತ ದೊಡ್ಡದು ಭದ್ರಾ ಮೇಲ್ದಂಡೆ ಯೋಜನೆ. ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೆ, ಅಲ್ಲಿಂದ 29.90 ಟಿ.ಎಂ.ಸಿ. ನೀರನ್ನು ಅಜ್ಜಂಪುರ ಬಳಿಯ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದವರೆಗೆ ಎತ್ತುವ ಈ ಯೋಜನೆಯ ಅಂದಾಜು ವೆಚ್ಚ, 2018-19ರ ದರಗಳಲ್ಲಿ, 21,473 ಕೋಟಿ ರೂಪಾಯಿ.

ಇಷ್ಟು ಹಣ ತಮ್ಮ ಬಾಗಿಲ ಮುಂದೆಯೇ ಹರಿಯುತ್ತಿರುವಾಗ ಅದರಲ್ಲಿ ಎಷ್ಟು ಪಾಲು ಸ್ಥಳೀಯ ವರ್ತಕರ ಖಾತೆಗಳಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ ಸಹಜ. ದೊಡ್ಡ ಟೆಂಡರುಗಳಿಗೆ ಬೇಕಾದ ವಾರ್ಷಿಕ ವಹಿವಾಟು, ಬ್ಯಾಂಕ್ ಖಾತರಿ ಹಾಗೂ ಪೂರ್ವಾನುಭವ ತಾಲ್ಲೂಕು ಮಟ್ಟದ ಸಂಸ್ಥೆಗಳಲ್ಲಿ ಇರುವುದು ವಿರಳ. ಆದ್ದರಿಂದ ಇಲ್ಲಿನವರಿಗೆ ದೊರೆಯುವುದು ಜಲ್ಲಿ, ಎಂ-ಸ್ಯಾಂಡ್, ಹಾರ್ಡ್‌ವೇರ್, ಟಿಪ್ಪರ್ ಬಾಡಿಗೆ, ಕಾರ್ಮಿಕರ ಶಿಬಿರಕ್ಕೆ ದಿನಸಿ ಇಂತಹ ಉಪವ್ಯವಹಾರಗಳು. ಇವು ತಿರಸ್ಕರಿಸತಕ್ಕವಲ್ಲ. ಆದರೆ ಟಿಪ್ಪರಿನ ಸಾಲದ ಕಂತು ಐದು ವರ್ಷಗಳದ್ದಾಗಿದ್ದು, ಗುತ್ತಿಗೆದಾರರ ಶಿಬಿರ ಎರಡೇ ವರ್ಷಗಳಲ್ಲಿ ಮುಂದಿನ ಊರಿಗೆ ಹೋದರೆ, ಉಳಿದ ಮೂರು ವರ್ಷಗಳ ಭಾರ ಯಾರ ಮೇಲೆ ಬೀಳುವುದೆಂದು ಹೇಳಬೇಕಾಗಿಲ್ಲ.

ಸರ್ಕಾರದ ಹಣ ಕಾಲಕ್ಕೆ ಸರಿಯಾಗಿ ಬರುವುದೆಂಬ ಭರವಸೆಯೂ ಇಲ್ಲ. 2023-24ರ ಕೇಂದ್ರ ಮುಂಗಡಪತ್ರದಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಆನಂತರದ ವರ್ಷಗಳಲ್ಲಿ ಮತ್ತೆ ಮತ್ತೆ ದೂರಿತು. ಮುಖ್ಯ ಗುತ್ತಿಗೆದಾರನ ಬಿಲ್ಲು ತಡವಾದರೆ ಉಪಗುತ್ತಿಗೆದಾರನ ಬಿಲ್ಲು ಇನ್ನಷ್ಟು ತಡವಾಗುತ್ತದೆ. ಜಲ್ಲಿ ಕೊಟ್ಟವನ ಸರದಿ ಎಲ್ಲರಿಗಿಂತ ಕೊನೆಗೆ.

ಹಾಗಾದರೆ ಸ್ಥಿರವಾದ ಅವಕಾಶ ಎಲ್ಲಿದೆ? ಉತ್ತರ ಯೋಜನೆಯ ಸ್ವರೂಪದಲ್ಲಿಯೇ ಇದೆ. ಭದ್ರಾ ಮೇಲ್ದಂಡೆಯು 2,25,515 ಹೆಕ್ಟೇರ್ ಭೂಮಿಗೆ ನೀರುಣಿಸಬೇಕಾಗಿರುವುದು ಹನಿ ನೀರಾವರಿಯ ಮೂಲಕ. ಇದರಲ್ಲಿ ತರೀಕೆರೆ ಏತ ನೀರಾವರಿಯ ಪಾಲು 20,150 ಹೆಕ್ಟೇರ್. ಚಿತ್ರದುರ್ಗ ಶಾಖಾ ಕಾಲುವೆಯ ಪಾಲು 1,07,265 ಹೆಕ್ಟೇರ್. ಕಾಲುವೆಯನ್ನು ಒಮ್ಮೆ ಅಗೆದರೆ ಆ ಕೆಲಸ ಮುಗಿಯಿತು. ಹನಿ ನೀರಾವರಿ ಹಾಗಲ್ಲ. ಅದರ ಪೈಪುಗಳು ಸವೆಯುತ್ತವೆ, ಫಿಲ್ಟರುಗಳು ಕಟ್ಟಿಕೊಳ್ಳುತ್ತವೆ, ವಾಲ್ವುಗಳು ಕೆಡುತ್ತವೆ, ಪಂಪುಗಳಿಗೆ ರೀವೈಂಡಿಂಗ್ ಬೇಕಾಗುತ್ತದೆ. ಇದು ಶಿಬಿರದೊಂದಿಗೆ ಊರು ಬಿಡುವ ವ್ಯಾಪಾರವಲ್ಲ. ಅಡಿಕೆ, ತೆಂಗು, ಈರುಳ್ಳಿ ಬೆಳೆಯುವ ಈ ಸೀಮೆಯ ರೈತರು ಇದರ ಬಳಕೆಯನ್ನು ಈಗಾಗಲೇ ಬಲ್ಲರು.

ಈ ಮಾರುಕಟ್ಟೆಯನ್ನು ಪ್ರವೇಶಿಸಲು ಗುಣಮಟ್ಟವೇ ಮೊದಲ ಮೆಟ್ಟಿಲು. ಪಿ.ವಿ.ಸಿ. ಪೈಪಿಗೆ ಐ.ಎಸ್. 4985, ಎಚ್.ಡಿ.ಪಿ.ಇ. ಪೈಪಿಗೆ ಐ.ಎಸ್. 4984, ಹನಿ ಕೊಳವೆಗೆ ಐ.ಎಸ್. 13488 ಎಂಬ ಮಾನಕಗಳಿವೆ. ಮಾನಕ ಗುರುತಿಲ್ಲದ ಅಗ್ಗದ ಸರಕನ್ನು ಮಾರಿ ಒಂದು ಹಂಗಾಮು ಲಾಭ ಗಳಿಸಬಹುದು. ಆದರೆ ಎರಡನೆಯ ಬೇಸಿಗೆಯಲ್ಲಿ ಕೊಳವೆ ಬಿರಿದಾಗ ರೈತ ಬರುವುದು ಕಂಪನಿಯ ಬಳಿಗಲ್ಲ, ಅಂಗಡಿಯ ಬಳಿಗೆ.

ದೊಡ್ಡ ಗುತ್ತಿಗೆಗಳಲ್ಲಿ ಪಾಲು ಪಡೆಯದೆ ಸ್ಥಳೀಯ ಉದ್ಯಮ ಬೆಳೆಯದು ಎಂಬ ವಾದವೂ ಇದೆ. ಅದರಲ್ಲಿ ತಥ್ಯವಿಲ್ಲದಿಲ್ಲ. ಅಂತಹ ಪಾಲು ಬಯಸುವವರು ಮಾತಿನ ನಂಬಿಕೆಯ ಮೇಲೆ ಸರಕು ಕಳುಹಿಸುವ ರೂಢಿಯನ್ನು ಬಿಡಬೇಕು. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗೆ ಸಲ್ಲಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನಗಳಾಚೆ ಮುಂದೂಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ, ಅವಧಿ ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರನಿಗೆ ಪಾವತಿ ಮಾಡುವವರೆಗೆ ಆ ವೆಚ್ಚದ ಮೇಲಿನ ಆದಾಯ ತೆರಿಗೆ ಕಡಿತವೂ ದೊರೆಯುವುದಿಲ್ಲ. ಒಂದು ಎಚ್ಚರಿಕೆ: ಈ ರಕ್ಷಣೆ ಉದ್ಯಮ್ ನೋಂದಣಿ ಇರುವ ತಯಾರಕರಿಗೆ ಹಾಗೂ ಸೇವಾದಾತರಿಗೆ ಮಾತ್ರ. ಕೇವಲ ಕೊಂಡು ಮಾರುವ ವರ್ತಕರಿಗೆ 2021ರಿಂದ ನೋಂದಣಿಯ ಅವಕಾಶವಿದ್ದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಆದ್ದರಿಂದ ಉದ್ದರಿಯ ಮಿತಿಯನ್ನು ವರ್ತಕರು ತಾವೇ ನಿಗದಿಪಡಿಸಿಕೊಳ್ಳುವುದು ಅನಿವಾರ್ಯ.

ಲಕ್ಕವಳ್ಳಿಯ ಭದ್ರಾ ಜಲಾಶಯದ ಅನುಭವ ಕಣ್ಣೆದುರಿಗಿದೆ. ಅಣೆಕಟ್ಟು ಎದ್ದು ನಿಂತದ್ದು ತರೀಕೆರೆ ತಾಲ್ಲೂಕಿನಲ್ಲಿ. ಅಚ್ಚುಕಟ್ಟಿನ ಹೆಚ್ಚಿನ ಪಾಲು ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳಲ್ಲಿ. ವ್ಯಾಪಾರವೂ ನೀರಿನ ಹಿಂದೆಯೇ ಹೋಯಿತು. ಈ ಬಾರಿ ಸುರಂಗ ಅಜ್ಜಂಪುರದಲ್ಲಿದೆ, ಅಚ್ಚುಕಟ್ಟಿನ ಬಹುಪಾಲು ಮತ್ತೆ ನೆರೆಯ ಜಿಲ್ಲೆಗಳಲ್ಲಿದೆ. ಆದರೆ ಪೈಪು, ಫಿಲ್ಟರು, ದುರಸ್ತಿಯ ಸೇವೆ ಇವುಗಳನ್ನು ಬೀರೂರಿನಿಂದ ಹೊಸದುರ್ಗಕ್ಕೆ ಕಳುಹಿಸಲು ಯಾವ ಅಡ್ಡಿಯೂ ಇಲ್ಲ. ಮೂರು ತಾಲ್ಲೂಕುಗಳ ವರ್ತಕ ಸಂಘಗಳು ಒಂದಾಗಿ ಒಂದು ಸಾಮಾನ್ಯ ಪರೀಕ್ಷಾ ಸೌಲಭ್ಯ, ಐ.ಟಿ.ಐ. ತರುಣರಿಗೆ ಹನಿ ನೀರಾವರಿ ದುರಸ್ತಿಯ ತರಬೇತಿ ಹಾಗೂ ಬಾಕಿ ವಸೂಲಿಗೆ ಒಂದು ಸಲಹಾ ಸಮಿತಿಯನ್ನು ಏರ್ಪಡಿಸುವುದು ಅಗತ್ಯ. ಹೊಲಗಳಿಗೆ ನೀರು ಬಂದ ಮೇಲೆ ಈ ಸಿದ್ಧತೆ ಆರಂಭಿಸಿದರೆ, ಆ ವೇಳೆಗೆ ಹೊರಗಿನ ಕಂಪನಿಗಳ ಮಾರಾಟ ಮಳಿಗೆಗಳು ಇಲ್ಲಿ ನೆಲೆಯೂರಿರುತ್ತವೆ.